ಕಳಸದ ಭಟ್ಟರಿಗೆ ಮಾಟ ಬರುತ್ತಿತ್ತೇನು?

“ಮಾಸ್ತರ್ರ, ಆ ಗೋವಿಂದ ಭಟ್ಟರಿಗೆ ಮಾಟ-ಮಂತ್ರ ಎಲ್ಲಾ ಬರ್ತಿತ್ತಂತಲ್ರಿ, ಖರೇನು?”

ಹುಬ್ಬಳ್ಳಿಯ ಕಲ್ಯಾಣ ಮಂಟಪದಲ್ಲಿ ಊಟದ ಪಂಕ್ತಿಗೆ ಕುಳಿತಾಗ ಕೇಳಿದ್ದಾರೆ. ಲಕ್ಷ್ಮೇಶ್ವರದ ಬಸ್ಸಿನಲ್ಲಿ ಕೇಳಿದ್ದಾರೆ. ಒಮ್ಮೆ ಮಣ್ಣಿಗೆ ಹೋದ ಮನೆಯ ಅಂಗಳದಲ್ಲಿ, ಹೆಣ ಇನ್ನೂ ಎತ್ತಿರಲಿಲ್ಲ, ಆಗಲೂ ಒಬ್ಬರು ನನ್ನ ಕಿವಿಯ ಹತ್ತಿರ ಬಾಗಿ ಕೇಳಿದ್ದಾರೆ. ನಾನು ಕುಂದಗೋಳ ತಾಲೂಕಿನವನು, 32 ವರ್ಷ ಕನ್ನಡ ಶಾಲೆಯಲ್ಲಿ ಮಾಸ್ತರಿಕೆ ಮಾಡಿದವನು, ಭಜನಿ ಮೇಳದಲ್ಲಿ ತಾಳ ಹಾಕುವವನು. ಇಷ್ಟು ಸಾಕು ಜನರಿಗೆ, ಕಳಸದ ಭಟ್ಟರ ಗುಟ್ಟೆಲ್ಲ ನನ್ನ ಹತ್ತಿರ ಇದೆ ಅಂದುಕೊಳ್ಳಲು. ಬಾಯಿಂದ ಹೇಳಿ ಹೇಳಿ ಸಾಕಾಗಿದೆ. ಇನ್ನು ಕೇಳಿದವರಿಗೆ ಇದನ್ನೇ ಓದಲು ಕೊಡುತ್ತೇನೆ.

ಗೊತ್ತಿಲ್ಲದವರಿಗೆ ಮೊದಲು ಎರಡು ಮಾತು. ಶಿಶುನಾಳ ಶರೀಫರು ಎಲ್ಲರಿಗೂ ಗೊತ್ತು. 1819ರಲ್ಲಿ ಹುಟ್ಟಿ 1889ರಲ್ಲಿ ತೀರಿಹೋದವರು. ಅವರ ಊರು ಶಿಶುವಿನಹಾಳ ಈಗ ಹಾವೇರಿ ಜಿಲ್ಲೆಯ ಶಿಗ್ಗಾವಿ ತಾಲೂಕಿನಲ್ಲಿದೆ. ಅವರ ಗುರು ಗೋವಿಂದ ಭಟ್ಟರು ಕಳಸದವರು, ಕಳಸ ಧಾರವಾಡ ಜಿಲ್ಲೆಯಲ್ಲಿದೆ. 1997ರಲ್ಲಿ ಜಿಲ್ಲೆ ಒಡೆದ ಮೇಲೆ ಗುರು ಒಂದು ಜಿಲ್ಲೆ, ಶಿಷ್ಯ ಒಂದು ಜಿಲ್ಲೆ ಆದರು. ಅವರ ಕಾಲದಲ್ಲಿ ಎಲ್ಲ ಒಂದೇ ಸೀಮೆ, ಒಂದೇ ಎರಿ ಮಣ್ಣು. ಭಟ್ಟರು ಸ್ಮಾರ್ತ ಬ್ರಾಹ್ಮಣರು, ದೇವಿಯ ಉಪಾಸಕರು ಎಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಮಡಿ-ಮೈಲಿಗೆ ಲೆಕ್ಕಕ್ಕಿಡದೆ ಕರೆದವರ ಮನೆಯಲ್ಲಿ ಉಣ್ಣುತ್ತಿದ್ದರಂತೆ. ಅದಕ್ಕೆ ಊರವರು ಹುಚ್ಚ ಅಂದರು.

ಮಾಟದ ಮಾತು ಹುಟ್ಟಿದ್ದು ಇಲ್ಲಿಂದಲೇ. ದೇವಿ ಉಪಾಸನೆ ಅಂದರೆ ನಮ್ಮವರ ತಲೆಯಲ್ಲಿ ಮೊದಲು ಬರುವುದು ನಿಂಬೆಹಣ್ಣು, ಕುಂಕುಮ, ಅಮಾವಾಸ್ಯೆ. ಅದರ ಮೇಲೆ 1990ರಲ್ಲಿ ಶರೀಫರ ಬಗ್ಗೆ ಬಂದ ಚಿತ್ರದಲ್ಲಿ ಗಿರೀಶ ಕಾರ್ನಾಡರು ಗೋವಿಂದ ಭಟ್ಟರಾದರು. ಅವತ್ತಿನಿಂದ ಭಟ್ಟರಿಗೆ ಒಂದು ಮುಖ ಸಿಕ್ಕಿತು, ಒಂದು ಗತ್ತು ಸಿಕ್ಕಿತು. ಆ ಮುಖ ನೋಡಿದವರು “ಇವ್ರಿಗೆ ಏನೋ ಗೊತ್ತಿತ್ತು” ಎನ್ನುತ್ತಾರೆ. ಗೊತ್ತಿತ್ತು, ನಾನೂ ಅದನ್ನೇ ಹೇಳುವುದು. ಆದರೆ ನೀವು ಅಂದುಕೊಂಡದ್ದಲ್ಲ.

ನನಗೆ ಸಿಟ್ಟು ಬಂದದ್ದು ಶಿಶುನಾಳದಲ್ಲಿ. ಗದ್ದುಗೆಯ ಮುಂದೆ ಮೇಳ ಮುಗಿಸಿ, ಬೇವಿನ ನೆರಳಿಗೆ ಕುಳಿತು ಚಹಾ ಕುಡಿಯುತ್ತಿದ್ದೆವು. ಕೋಲಿಗೆ ಮೊಬೈಲ್ ಸಿಗಿಸಿಕೊಂಡ ಒಬ್ಬ ಹುಡುಗ ಬಂದ. ಒಳ್ಳೆಯ ಹುಡುಗನೇ, ಮರ್ಯಾದೆಯಿಂದ ಮಾತಾಡಿದ. “ಸರ, ಗೋವಿಂದ ಭಟ್ಟರ ಪವರ್ ಬಗ್ಗೆ ಎರಡು ನಿಮಿಷ ಹೇಳ್ರಿ” ಅಂದ. ನಾನು ಗಂಟಲು ಸರಿಮಾಡಿಕೊಂಡು ಶುರು ಮಾಡಿದೆ. ಭಟ್ಟರು ಮೊದಲ ಸಲ ಶರೀಫನನ್ನು ಕಂಡಾಗ “ನಿಮ್ಮಪ್ಪ ಯಾರೋ” ಎಂದು ಕೇಳಿದರು, ಆ ಹುಡುಗ “ನಿಮ್ಮಪ್ಪ ಯಾರೋ ಅವನೇ ನಮ್ಮಪ್ಪ” ಎಂದ...

“ಇದು ಎಲ್ಲಾರಿಗೂ ಗೊತ್ತೈತಲ್ರಿ ಸರ. ಪವಾಡ ಯಾವುದರ ಇದ್ರ ಹೇಳ್ರಿ.”

ನಾನು ಲೋಟ ಕೆಳಗಿಟ್ಟೆ. ಇದೇ ಪವಾಡ ಅಂದೆ. ಅವನು ನಕ್ಕ, ಮೊಬೈಲ್ ಬಂದ್ ಮಾಡಿದ, ನಮ್ಮ ಪೇಟಿ ಬಾರಿಸುವವರ ಹತ್ತಿರ ಹೋದ.

ಎಲ್ಲರಿಗೂ ಗೊತ್ತಂತೆ! ಏನು ಗೊತ್ತು? ಒಂದು ಸಲ ಅವರಿಬ್ಬರೂ ಎದುರಾದ ಆ ಕಟ್ಟೆಯ ಮೇಲೆ ಹೋಗಿ ನಿಂತು ನೋಡಿ. ಸುತ್ತ ಊರ ಮಂದಿ ಕುಳಿತಿದೆ. ವಯಸ್ಸಾದ ಬ್ರಾಹ್ಮಣ ಕೇಳುತ್ತಾನೆ, ಮುಸಲ್ಮಾನರ ಪೋರ ಉತ್ತರ ಕೊಡುತ್ತಾನೆ. ನಮ್ಮ ಕಡೆ ಹಿರಿಯರಿಗೆ “ನಿಮ್ಮಪ್ಪನೂ ನಮ್ಮಪ್ಪನೂ ಒಬ್ಬನೇ” ಅಂದರೆ ಏನರ್ಥ ಬರುತ್ತದೆ ಎಂದು ನಿಮಗೆ ನಾನು ಬಿಡಿಸಿ ಹೇಳಬೇಕೇ? ಇವತ್ತು ಅಂದರೂ ಕಪಾಳಕ್ಕೆ ಬೀಳುತ್ತದೆ. ಎರಡು ಕೇರಿ ಬಡಿಗೆ ಹಿಡಿದುಕೊಂಡು ಎದುರುಬದುರು ನಿಲ್ಲಬಹುದು. ಆದರೆ ಭಟ್ಟರ ಕಿವಿಗೆ ಬೈಗುಳ ಬೀಳಲಿಲ್ಲ. ಆ ಮಾತಿನೊಳಗಿದ್ದ ಇನ್ನೊಂದು ಅರ್ಥ, ಎಲ್ಲರನ್ನೂ ಹುಟ್ಟಿಸಿದವನು ಒಬ್ಬನೇ ಎನ್ನುವುದು, ನೆಟ್ಟಗೆ ಹೋಗಿ ಮುಟ್ಟಿತು. ನೆಲ ಹದವಾಗಿದೆ, ಬೆಳೆ ಬರುತ್ತದೆ, ಈ ಹುಡುಗನನ್ನು ನನಗೆ ಕೊಡು ಎಂದು ಅವನ ತಂದೆಯನ್ನು ಕೇಳಿದರಂತೆ.

ಹದ ಎನ್ನುವ ಮಾತು ಒಕ್ಕಲುತನ ಮಾಡಿದವರಿಗೆ ಗೊತ್ತು. ಎರಿ ಹೊಲ ಮಳೆಯಾದ ಮರುದಿನ ಕಾಲಿಡಗೊಡುವುದಿಲ್ಲ, ಮಣ್ಣು ಮೊಣಕಾಲಿನ ತನಕ ಮೆತ್ತಿಕೊಳ್ಳುತ್ತದೆ. ಬಿಟ್ಟುಬಿಟ್ಟರೆ ಮೇಲೆ ಹೆಪ್ಪುಗಟ್ಟಿ ಕೂರಿಗೆ ಇಳಿಯುವುದಿಲ್ಲ. ನಡುವೆ ಕೆಲವೇ ದಿನ, ಒಂದೊಂದು ಸಲ ಕೆಲವೇ ಹೊತ್ತು. ಮುಷ್ಟಿಯಲ್ಲಿ ಮಣ್ಣು ಹಿಚುಕಿ ಬಿಟ್ಟರೆ ಉಂಡೆಯಾಗಬೇಕು, ಬೆರಳು ತಾಗಿಸಿದರೆ ಒಡೆಯಬೇಕು. ಅದು ಹದ. ಅದನ್ನು ಪುಸ್ತಕ ನೋಡಿ ಹೇಳಲಿಕ್ಕಾಗದು. ಭಟ್ಟರು ಒಂದು ಮಾತಿನಲ್ಲಿ ಒಬ್ಬ ಹುಡುಗನ ಹದ ಹಿಡಿದರು. ಇದಕ್ಕಿಂತ ದೊಡ್ಡ ವಿದ್ಯೆ ಮಾಸ್ತರನಿಗೆ ಇಲ್ಲ. ನನಗೆ ಅದು ಬರಲಿಲ್ಲ ಎಂದು ಗೊತ್ತಿರುವುದರಿಂದಲೇ ಇಷ್ಟು ಗಟ್ಟಿಯಾಗಿ ಹೇಳುತ್ತಿದ್ದೇನೆ.

ನನ್ನ ನೌಕರಿಯ ಆರನೆಯ ಏಳನೆಯ ವರ್ಷ ಇರಬೇಕು. ಶಾಲೆಯ ದಾಖಲೆಗೆ ಮಕ್ಕಳ ತಂದೆಯ ಉದ್ಯೋಗ ಬರೆದುಕೊಳ್ಳುತ್ತಿದ್ದೆ. ಐದನೇತ್ತೆಯ ಒಬ್ಬ ಹುಡುಗನಿಗೆ “ನಿಮ್ಮಪ್ಪ ಏನ್ ಮಾಡ್ತಾನೋ?” ಎಂದು ಕೇಳಿದೆ. ಅವನು ಎದ್ದು ನಿಂತು, “ನಿಮ್ಮಪ್ಪ ಮಾಡಿದ್ದನ್ನ ಮಾಡ್ತಾನ್ರಿ ಸರ” ಅಂದ. ವರ್ಗದ ತುಂಬ ನಗು. ನಾನು ಹೋಗಿ ಹೊಡೆದೆ. ಜೋರಾಗಿಯೇ ಹೊಡೆದೆ.

ನಮ್ಮಪ್ಪ ಪರರ ಹೊಲದಲ್ಲಿ ಜೀತಕ್ಕಿದ್ದವನು. ಆ ಹುಡುಗನ ಅಪ್ಪನೂ ಜೀತಕ್ಕಿದ್ದ. “ನಿಮ್ಮ ಮಾಸ್ತರನ ಅಪ್ಪನೂ ನನ್ನ ಗತೆನೇ ದುಡದಾವ, ನೀನೂ ಓದು” ಎಂದು ಅಪ್ಪ ಮಗನಿಗೆ ಹೇಳಿಕೊಟ್ಟಿದ್ದನಂತೆ. ಹುಡುಗ ಅದನ್ನು ಹೆಮ್ಮೆಯಿಂದ ಹೇಳಿದ್ದ. ನನಗೆ ಇದು ತಿಳಿದದ್ದು ಸುಗ್ಗಿಯಲ್ಲಿ, ಅವನ ಅಪ್ಪ ಕಣದಲ್ಲಿ ಸಿಕ್ಕಾಗ. ಹುಡುಗ ಮರುದಿನವೇ ಶಾಲೆಗೆ ಬಂದಿದ್ದ. ಏಳನೇತ್ತೆ ಮುಗಿಯುವ ತನಕ ಬಂದ. ಆದರೆ ಆಮೇಲೆ ನಾನು ಏನು ಕೇಳಿದರೂ “ಹೌದ್ರಿ” “ಇಲ್ರಿ” ಇವೆರಡೇ. ಮೂರನೆಯ ಮಾತು ಅವನ ಬಾಯಿಂದ ನಾನು ಕೇಳಲಿಲ್ಲ.

ಹಾಗಾಗಿ ಪವಾಡ ಇದ್ದರೆ ಹೇಳಿ ಎನ್ನುವವರ ಮೇಲೆ ನನಗೆ ಸಿಟ್ಟು ಬರುತ್ತದೆ. ಅದೇ ಪ್ರಶ್ನೆ, ಹೆಚ್ಚುಕಡಿಮೆ ಅದೇ ಉತ್ತರ. ಅಲ್ಲಿ ಒಬ್ಬ ಕವಿ ಎದ್ದ, ಇಲ್ಲಿ ಒಬ್ಬ ಹುಡುಗ ಮೂಕನಾದ.

ಮಂತ್ರ-ತಂತ್ರವೇ ಬೇಕು ಎನ್ನುವವರಿಗೆ ಅದನ್ನೂ ಹೇಳುತ್ತೇನೆ. ಭಟ್ಟರು ತಮ್ಮದು ಎಂದು ಬರೆದಿಟ್ಟ ಒಂದು ಪದವನ್ನೂ ನಾವು ಯಾರೂ ಹಾಡುವುದಿಲ್ಲ. ಅವರು ಕಲಿಸಿದ್ದು ಏನಿದ್ದರೂ ಶಿಷ್ಯನ ಬಾಯಲ್ಲಿ ಇದೆ. ಶರೀಫರ ಗುಡುಗುಡಿಯ ಪದ ಕೇಳಿದ್ದೀರಲ್ಲ? ಕಟ್ಟೆಯ ಮೇಲೆ ನಾಲ್ಕು ಮಂದಿ ಸೇದುವ ಗುಡುಗುಡಿಯನ್ನೇ ತೆಗೆದುಕೊಂಡು, ಮನಸ್ಸನ್ನು ತಂಬಾಕಿನ ಸಂಚಿ ಮಾಡಿ, ಮೋಹ-ಮದಗಳನ್ನು ಕೊಚ್ಚಿ ಹಾಕಿ ಬೆಂಕಿ ಹಚ್ಚು ಎನ್ನುತ್ತಾರೆ. ಯೋಗಿಗಳು ಗುಹೆಯಲ್ಲಿ ಶಿಷ್ಯನ ಕಿವಿಯಲ್ಲಿ ಹೇಳುವಂಥದ್ದು ಅದು. ಅದನ್ನು ಸಂತೆಗೆ ಬಂದ ರೈತನಿಗೆ, ಅವನ ಕೈಯಲ್ಲಿರುವ ವಸ್ತುವಿನಿಂದಲೇ ಹೇಳಿದರು. ಸೋರುವ ಮಾಳಿಗೆ, ತಂಬೂರಿ, ಬಿದ್ದ ಮುದುಕಿ, ಎಲ್ಲ ಅದೇ ದಾರಿ. ಕೋಡಗವನ್ನು ಕೋಳಿ ನುಂಗಿದ ಪದಕ್ಕೆ ಈಗ ಡಿಜೆ ಹಚ್ಚಿ ಕುಣಿಯುತ್ತಾರೆ. ಕುಣಿಯಲಿ, ನನ್ನ ತಕರಾರಿಲ್ಲ. ಆದರೆ ಕೊನೆಯ ನುಡಿ ಬರುವ ಮೊದಲೇ ಬಂದ್ ಮಾಡಿಬಿಡುತ್ತಾರೆ. ಅಷ್ಟೊತ್ತು ಒಂದನ್ನೊಂದು ನುಂಗುತ್ತ ಬಂದದ್ದೆಲ್ಲ ಅಲ್ಲಿ ಗೋವಿಂದ ಗುರುವಿನ ಪಾದಕ್ಕೆ ಬಂದು ನಿಲ್ಲುತ್ತದೆ. ಆ ಪಾದ ಹಾಡುವವನನ್ನೇ ನುಂಗುತ್ತದೆ. ಅಲ್ಲಮನ ಒಗಟಿನಂಥ ಬೆಡಗಿನ ವಚನದಿಂದ ಇಳಿದು ಬಂದ ಭಾಷೆ ಇದು. ಮುಚ್ಚಿಟ್ಟ ವಿದ್ಯೆ ಬೇಕೆಂದು ಹುಡುಕುವವರ ಎದುರಿಗೇ ಬಿದ್ದಿದೆ, ತಾಳ ಹಾಕಿಕೊಂಡು ಹಾಡುತ್ತಿದ್ದೇವೆ.

ಇನ್ನೊಂದು ನಮೂನೆಯ ಪ್ರಶ್ನೆಯೂ ಇದೆ. “ಭಟ್ಟರು ಶರೀಫನಿಗೆ ಜನಿವಾರ ಹಾಕಿದರಲ್ಲ, ಅಂದರೆ ಜಾತಿ ಬದಲು ಮಾಡಿದರೇನು?” ಇದನ್ನು ಕೇಳುವವರ ಕಣ್ಣಲ್ಲಿ ನನಗೆ ಬೇರೆ ಏನೋ ಕಾಣುತ್ತದೆ, ಅದಕ್ಕೇ ನಾನು ಒರಟಾಗುತ್ತೇನೆ. ಗುರು ಜನಿವಾರ ಹಾಕಿದ್ದನ್ನು ಶರೀಫರೇ ಹಾಡಿದ್ದಾರೆ. ಹಾಗೆಂದು ಅವರು ಹೆಸರು ಬದಲಿಸಲಿಲ್ಲ. ಶರೀಫರಾಗಿಯೇ ಬದುಕಿದರು, ಶರೀಫರಾಗಿಯೇ ಹೋದರು. ಅವರ ಅಂತ್ಯಕ್ರಿಯೆಗೆ ಎರಡೂ ಧರ್ಮದವರು ಸೇರಿದರೆಂದು ನಮ್ಮ ಕಡೆ ಎಲ್ಲರೂ ಹೇಳುತ್ತಾರೆ. ಇದೇ ಕುಂದಗೋಳದಲ್ಲಿ 1886ರಲ್ಲಿ, ಶರೀಫರು ಇನ್ನೂ ಬದುಕಿದ್ದಾಗ, ಒಬ್ಬ ಬ್ರಾಹ್ಮಣರ ಹುಡುಗ ಹುಟ್ಟಿದ. ಅವನಿಗೆ ಗುರುವಾದವರು ಕಿರಾಣಾ ಘರಾಣೆಯ ಅಬ್ದುಲ್ ಕರೀಂ ಖಾನ್ ಸಾಹೇಬರು. ಆ ಹುಡುಗ ಮುಂದೆ ಹಿಂದುಸ್ತಾನಿ ಗಾಯಕ ಸವಾಯಿ ಗಂಧರ್ವರಾದ. ಹುಬ್ಬಳ್ಳಿಯಿಂದ ರೈಲಿನಲ್ಲಿ ಬಂದು ಗಂಗೂಬಾಯಿ ಹಾನಗಲ್ಲರು ಅವರ ಹತ್ತಿರ ಕಲಿತರು, ಗದಗದ ಭೀಮಸೇನ ಜೋಶಿಯವರು ಅವರ ಮನೆಯಲ್ಲೇ ಇದ್ದು ಕಲಿತರು. ಖಾನ್ ಸಾಹೇಬರು ಹುಡುಗನಿಗೆ ಏನು ಮಾಟ ಮಾಡಿದರು, ಯಾವ ಜಾತಿಗೆ ಎಳೆದರು ಎಂದು ಯಾರಾದರೂ ಕೇಳುತ್ತಾರೇನು? ಇಲ್ಲ. ಹಾಡು ಕೇಳುತ್ತಾರೆ. ಭಟ್ಟರ ವಿಷಯದಲ್ಲೂ ಅಷ್ಟು ಮಾಡಿ.

ಮತ್ತೆ ನಿಮಗೆ ಕೇಳಲೇಬೇಕು ಅಂತಿದ್ದರೆ, ನನಗೆ ಯಾರೂ ಇಲ್ಲಿಯ ತನಕ ಕೇಳದ ಪ್ರಶ್ನೆಯೊಂದಿದೆ. ಶರೀಫರ ತಂದೆ ಇಮಾಮ ಸಾಹೇಬರ ಬಗ್ಗೆ ಕೇಳಿ.

ಕಥೆ ಹೇಳುವವರೆಲ್ಲ “ಹುಡುಗನನ್ನು ಕೊಡು ಅಂದರು, ತಂದೆ ಕೊಟ್ಟ” ಎಂದು ಒಂದೇ ಉಸಿರಿನಲ್ಲಿ ಮುಂದೆ ಹೋಗಿಬಿಡುತ್ತಾರೆ. ನಾನೂ ಎಷ್ಟೋ ವರ್ಷ ಹಾಗೇ ಹೇಳಿದೆ. ಮಗಳನ್ನು ಕೊಟ್ಟು ಕಳಿಸಿದ ಮೇಲೆ ನನಗೆ ಆ ಮಾತು ದಾಟಿ ಹೋಗಲು ಆಗುತ್ತಿಲ್ಲ. ಗುರುವಿನ ಆಶೀರ್ವಾದದಿಂದ ಹುಟ್ಟಿದ ಮಗ ಎನ್ನುತ್ತಾರೆ ಶರೀಫರನ್ನು. ಆ ಗುರು ಹುಲಗೂರಿನ ಖಾದ್ರಿಯವರು. ಹಿಂದೂ-ಮುಸಲ್ಮಾನರು ಒಂದಾಗಲಿ ಎಂದು ಬಯಸಿದ ಸೂಫಿ, ಶಿಷ್ಯರಿಗೆ ಲಿಂಗದೀಕ್ಷೆಯನ್ನೂ ಕೊಡುತ್ತಿದ್ದರು ಎನ್ನುತ್ತಾರೆ. ಇಮಾಮ ಸಾಹೇಬರು ಅಂಥವರ ಹತ್ತಿರ ಹೋಗಿ ಬಂದವರು. ಚಿಕ್ಕ ಮಗನಿಗೆ ರಾಮಾಯಣ, ಮಹಾಭಾರತ, ಅಲ್ಲಮನ ಮಾತು ಹೇಳಿಕೊಟ್ಟವರು. ಅಂದರೆ ಭಟ್ಟರು ಹಿಚುಕಿ ನೋಡಿದ ಆ ಮಣ್ಣನ್ನು ಅಷ್ಟು ವರ್ಷ ಹರಗಿ ಇಟ್ಟವರು ಬೇರೆಯವರು. ಕಟ್ಟೆಯ ಮೇಲೆ ಹುಡುಗ ಕೊಟ್ಟ ಉತ್ತರ ಆಕಾಶದಿಂದ ಉದುರಿದ್ದಲ್ಲ. ಒಂದು ಮನೆಯಲ್ಲಿ, ದೀಪದ ಬೆಳಕಿನಲ್ಲಿ, ಅಪ್ಪನ ಬಾಯಿಂದ ಕೇಳಿದ್ದು. ನಾನು ಹೊಡೆದ ಹುಡುಗನ ಮಾತೂ ಅವನ ಅಪ್ಪ ಕೊಟ್ಟದ್ದೇ ಆಗಿತ್ತಲ್ಲ.

ಊರ ಮಂದಿಯ ಎದುರಿಗೆ ಮಗನನ್ನು ಹುಚ್ಚನೆನಿಸಿಕೊಂಡ ಒಬ್ಬ ಭಟ್ಟನ ಕೈಗೆ ಕೊಡುವಾಗ ಆ ತಂದೆಗೆ ತನ್ನ ಓಣಿಯವರ ಮುಖ ನೆನಪಾಗಲಿಲ್ಲವೇ? ಭಟ್ಟರು ಕೇಳಿದರು, ಸರಿ. ಕೇಳುವುದು ಸುಲಭ. ನಾನೂ ಎಷ್ಟೋ ಪಾಲಕರಿಗೆ “ಹುಡುಗನ್ನ ನನಗ ಬಿಡ್ರಿ, ನಾ ನೋಡ್ಕೋತೀನಿ” ಎಂದು ಹೇಳಿದ್ದೇನೆ. ಬಿಟ್ಟು ಹೋಗುವಾಗ ಅವರು ಹೊಸ್ತಿಲಲ್ಲಿ ಒಂದು ಗಳಿಗೆ ನಿಲ್ಲುತ್ತಿದ್ದರು, ಅದನ್ನು ನಾನು ನೋಡಿಯೂ ನೋಡಿರಲಿಲ್ಲ.

ಮುಂದೆ ಶರೀಫರು ಮುಲ್ಕಿ ಪರೀಕ್ಷೆ ಪಾಸು ಮಾಡಿದರು, ಕೆಲವು ಕಾಲ ಶಾಲಾ ಮಾಸ್ತರರೂ ಆದರು, ಮದುವೆಯಾದರು, ಮಗಳು ಹುಟ್ಟಿ ತೀರಿಕೊಂಡಳು, ಹೆಂಡತಿಯೂ ಹೋದಳು, ಪದ ಕಟ್ಟುತ್ತ ಊರೂರು ತಿರುಗಿದರು. ಅದೆಲ್ಲ ನಿಮಗೆ ಎಲ್ಲಿಯಾದರೂ ಸಿಗುತ್ತದೆ. ನನ್ನನ್ನು ಬಸ್ಸಿನಲ್ಲಿ ಹಿಡಿದು ಕೂರಿಸಿಕೊಂಡು ಕೇಳುವುದಾದರೆ ಇದನ್ನು ಕೇಳಿ: ಅವತ್ತು ಸಂಜೆ ಇಮಾಮ ಸಾಹೇಬರು ಒಬ್ಬರೇ ಶಿಶುವಿನಹಾಳಕ್ಕೆ ನಡೆದು ಬಂದಿರಬೇಕಲ್ಲ. ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ತಾಯಿ ಹಜ್ಜೂಮಾ ತಲೆ ಎತ್ತಿ, “ಹುಡುಗ ಎಲ್ಲಿ?” ಎಂದು ಕೇಳಿರಬೇಕಲ್ಲ. ಅವರು ಏನು ಹೇಳಿದರು?