ಪೀಬೆರಿ ಸರ: ಮೂರನೇ ವಾರ

ಮೊದಲು ನಷ್ಟದ ಲೆಕ್ಕ. ಬೇಕಿದ್ದದ್ದು 42 ಕಾಫಿ ಬೀಜ, ಒಡೆದದ್ದು 60ಕ್ಕೂ ಜಾಸ್ತಿ.

ಹೊಸಬರಿಗೆ ಒಂದು ಮಾತು. ಅಲ್ಜೈಮರ್ ಕಾಯಿಲೆಯಲ್ಲಿ ಅಮೈಲಾಯ್ಡ್ ಬೀಟಾ ಅನ್ನೋ ಪುಟ್ಟ ಪ್ರೋಟೀನು ಮೆದುಳಿನ ನರಕೋಶಗಳ ನಡುವೆ ಒಂದಕ್ಕೊಂದು ಅಂಟಿ ಗಡ್ಡೆ ಕಟ್ಟುತ್ತದೆ. ಅದರ ಮಾದರಿ ಮಾಡುತ್ತಿದ್ದೇನೆ. ಪ್ರೋಟೀನು ಅಂದರೆ ಅಮೈನೋ ಆಮ್ಲಗಳ ಸರ. ಅಮೈಲಾಯ್ಡ್ ಬೀಟಾದಲ್ಲಿ 40 ಆಮ್ಲದ್ದೂ ಇದೆ, 42ರದ್ದೂ ಇದೆ. ಬೇಗ ಅಂಟಿಕೊಳ್ಳುವುದು 42ರದ್ದು. ನಾನು ಮಾಡುತ್ತಿರುವುದೂ ಅದನ್ನೇ, ಒಂದು ಆಮ್ಲಕ್ಕೆ ಒಂದು ಬೀಜ. ಚಿಕ್ಕಮಗಳೂರಲ್ಲಿದ್ದುಕೊಂಡು ಮಣಿಗೆ ದುಡ್ಡು ಯಾಕೆ ಅಂತ ಪೀಬೆರಿ, ಅಂದರೆ ಹಣ್ಣಿಗೆ ಒಂದೇ ಬೀಜ ಇರುವ ಕಾಫಿ, ಹಿಡಿದೆ. ದುಂಡಗಿರುತ್ತದೆ ಅಲ್ವಾ. ನೀರು ಕಂಡರೆ ದೂರ ಸರಿಯುವ ಆಮ್ಲಗಳಿಗೆ ಹುರಿದ ಬೀಜ, ಉಳಿದವಕ್ಕೆ ಹಸಿ ಬೀಜ. ಹುರಿದವು ಒಟ್ಟು 19. ಅದರಲ್ಲಿ 10 ಕೊನೆಯ 14ರಲ್ಲೇ ಕೂತಿವೆ. 41, 42 ಎರಡೂ ಕಪ್ಪು. ಇಷ್ಟೆಲ್ಲ ಫಜೀತಿ ಆ ಎರಡು ಬೀಜದಿಂದ!

ಹುರಿದದ್ದಕ್ಕೆ ಡ್ರಿಲ್ ತಾಗಿಸಿದರೆ ಪುಡಿಪುಡಿ. ಕೊನೆಗೆ ಹಸಿಯಾಗಿದ್ದಾಗಲೇ ತೂತು ಹಾಕಿ, ಆಮೇಲೆ ಬಾಣಲೆಗೆ ಹಾಕಿದೆ. ಈಗ ತಾಮ್ರದ ತಂತಿ ಸಲೀಸಾಗಿ ಹೋಗುತ್ತದೆ.

ಬೇಜಾರಾದಾಗ ಅಮೆರಿಕದ ವಿಜ್ಞಾನಿ ಸ್ಟ್ಯಾನ್ಲಿ ಪ್ರುಸಿನರ್ ನೆನಪಾಗುತ್ತಾರೆ. 1972ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಕಿರಿಯ ವೈದ್ಯ. ಕ್ರಾಯ್ಟ್ಸ್‌ಫೆಲ್ಟ್-ಯಾಕೋಬ್ ಅನ್ನೋ ಮೆದುಳಿನ ಕಾಯಿಲೆಯ ಒಬ್ಬ ಹೆಂಗಸು ಅವರ ರೋಗಿ. ಅಲ್ಲಿಂದ ಇದಕ್ಕೆ ಕಾರಣ ಏನು ಅನ್ನೋ ಹುಳ ಅವರ ತಲೆಗೆ ಹೊಕ್ಕಿತು. ಸುಂಡಿಲಿಯಲ್ಲಿ ಪ್ರಯೋಗ ತೀರಾ ನಿಧಾನ ಅಂತ ಹ್ಯಾಮ್‌ಸ್ಟರ್‌ಗೆ ಬದಲಾಯಿಸಿದರು. ಇಂಥ ಕಾಯಿಲೆ ತರುವ ಪ್ರೋಟೀನಿಗೆ 1982ರಲ್ಲಿ 'ಪ್ರಿಯಾನ್' ಅಂತ ಹೆಸರಿಟ್ಟರು. ತಪ್ಪಾಗಿ ಮಡಚಿಕೊಂಡ ಪ್ರೋಟೀನು ಪಕ್ಕದ್ದನ್ನೂ ತನ್ನ ಹಾಗೆ ಮಡಚುತ್ತದೆ ಅಂದರೆ ಅನೇಕರು ನಂಬಲಿಲ್ಲ. ನೊಬೆಲ್ ಬಂದದ್ದು 1997ರಲ್ಲಿ. ಅಲ್ಜೈಮರ್‌ನಲ್ಲೂ ಇದೇ ಬಗೆಯ ಆಟ ಅನ್ನೋದು ಅವರ ವಾದ. ಹಾಗಂತ ಜೊತೆಗಿದ್ದರೆ, ಮುಟ್ಟಿದರೆ ಅಂಟುವ ಕಾಯಿಲೆ ಅಲ್ಲ. ಅಮ್ಮನನ್ನು ನೋಡಲು ಬರುವವರಿಗೆ ಇದನ್ನು ಹೇಳಿ ಹೇಳಿ ಸಾಕಾಗಿದೆ.

ಮೊದಲ ಸರ ಭಾನುವಾರ ಮುಗಿಯಬೇಕಿತ್ತು. 42 ಬೀಜವನ್ನೂ ಕ್ರಮವಾಗಿ ಮೊರದಲ್ಲಿ ಜೋಡಿಸಿ, ಫೋನ್ ಬಂತು ಅಂತ ಒಳಗೆ ಹೋದೆ. ಅಮ್ಮ ಮೊದಲು ಕಾಫಿ ಕ್ಯೂರಿಂಗ್‌ನಲ್ಲಿ ಬೀಜ ಆರಿಸುತ್ತಿದ್ದವಳು. ಈಗ ನನ್ನ ಹೆಸರು ಒಂದೊಂದು ದಿನ ಬರುತ್ತದೆ, ಒಂದೊಂದು ದಿನ ಇಲ್ಲ. ವಾಪಸ್ ಬಂದು ನೋಡಿದರೆ ಕರಿ ಬೀಜವೆಲ್ಲ ಸೆರಗಿನಲ್ಲಿ, ಹಸಿರು ಬೀಜ ಮೊರದಲ್ಲಿ ಒಂದೇ ಗುಡ್ಡೆ. ಬೆರಳು ಎಷ್ಟು ಚುರುಕು ಅಂತೀರಿ!

"ಇಷ್ಟೊಂದು ಕರಿ ಬೀಜ ಸೇರಿಸಿದ್ದೀಯಲ್ಲ, ರೇಟು ಸಿಗಲ್ಲ ಕಣೋ," ಅಂದಳು.

ಸೆರಗು ಬಿಡಿಸಿ ಎಣಿಸಿದೆ. 19, ಒಂದೂ ತಪ್ಪಿಲ್ಲ. ಇವತ್ತು ಮತ್ತೆ ಒಂದರಿಂದ ಜೋಡಿಸುತ್ತಿದ್ದೇನೆ, ಆರನೇ ಬೀಜಕ್ಕೆ ಬಂದಿದ್ದೇನೆ.