ಬೊಳ್ಳುವಿನ ಎಡಗಿವಿ

ಮಗಳು ಶಾರ್ಜಾಕ್ಕೆ ಹೊರಟಾಗ ತನ್ನ ಬೆಕ್ಕನ್ನು ಕಾಸರಗೋಡಿನ ಉಪ್ಪಳದ ನಮ್ಮ ಮನೆಯಲ್ಲಿ ಬಿಟ್ಟು ಹೋದಳು. ಮಂಗಳೂರಿನ ಒಂದು ಅಂಗಡಿಯಲ್ಲಿ ಎಂಟು ಸಾವಿರ ರೂಪಾಯಿ ಕೊಟ್ಟು ತಂದದ್ದು, ‘ಅಪ್ಪಟ ಪರ್ಶಿಯನ್’ ಅಂತೆ. ಮೈತುಂಬ ಬಿಳಿ, ಬಾಲವಂತೂ ಅಡಿಕೆಯ ಹಿಂಗಾರದ ಹಾಗೆ. ಎಡಗಣ್ಣು ನೀಲಿ, ಬಲಗಣ್ಣು ಹಳದಿ. ಮಗಳು ಇಟ್ಟ ಇಂಗ್ಲಿಷ್ ಹೆಸರು ನನ್ನ ನಾಲಗೆಗೆ ಒಗ್ಗಲಿಲ್ಲ. ತುಳುನಾಡಿನಲ್ಲಿ ಬಿಳಿ ನಾಯಿಗೆ ಕರೆಯುವಂತೆ ‘ಬೊಳ್ಳು’ ಎಂದೆ. ಪಕ್ಕದ ಮನೆಯವರಿಗೆ ಅದು ಬರೀ ‘ಪೂಚ್ಚ’, ಮಲಯಾಳದಲ್ಲಿ ಬೆಕ್ಕು ಎಂದಷ್ಟೆ.

ನಾನು ಪಶುಸಂಗೋಪನೆ ಇಲಾಖೆಯಲ್ಲಿ ಜಾನುವಾರು ಇನ್ಸ್‌ಪೆಕ್ಟರ್ ಆಗಿ ನಿವೃತ್ತಳಾದವಳು. ಮೂವತ್ತು ವರ್ಷ ಹಟ್ಟಿಯಿಂದ ಹಟ್ಟಿಗೆ ನಡೆದಿದ್ದೇನೆ. ಬೆಕ್ಕನ್ನು ಯಾರೂ ನನ್ನ ಬಳಿಗೆ ತಂದದ್ದೇ ಇಲ್ಲ. ಕಾಯಿಲೆ ಬಿದ್ದ ಬೆಕ್ಕು ತಾನಾಗಿ ಹಟ್ಟಿಯ ಅಟ್ಟಕ್ಕೆ ಹೋಗಿ ಮಲಗುತ್ತಿತ್ತು, ಗುಣವಾದರೆ ಇಳಿದು ಬರುತ್ತಿತ್ತು. ಆದರೂ ಪ್ರಾಣಿ ಕಂಡರೆ ಕೂದಲು ಬಿಡಿಸಿ ಚರ್ಮ ನೋಡುವ ಅಭ್ಯಾಸ ಕೈಗೆ ಉಳಿದುಬಿಟ್ಟಿದೆ. ಆಟಿ ತಿಂಗಳ ಮಳೆಯಲ್ಲಿ ಇವನ ತುಪ್ಪಳ ಜಡೆಗಟ್ಟಿ ಹುಳುಕಡ್ಡಿ ಏಳುವುದು ಖಂಡಿತ ಎಂದುಕೊಂಡಿದ್ದೆ. ಏಳಲಿಲ್ಲ. ತೋಟದಿಂದ ಉತ್ತರಣೆಯ ಬೀಜ ಅಂಟಿಸಿಕೊಂಡು ಬರುತ್ತಾನೆ, ಬಾಚಿದರೆ ಬಿಟ್ಟುಬಿಡುತ್ತದೆ. ಪರ್ಶಿಯನ್ ಬೆಕ್ಕಿಗೆ ಉದ್ದ ಕೂದಲಿನ ಅಡಿಯಲ್ಲಿ ದಟ್ಟವಾದ ಒಳತುಪ್ಪಳ ಇರುತ್ತದೆ, ಗಂಟು ಬೀಳುವುದು ಅದರಿಂದಲೇ. ಬೊಳ್ಳುವಿಗೆ ಅದು ಇಲ್ಲವೆನ್ನುವಷ್ಟು ಕಡಿಮೆ. ಮುಖವೂ ಚಪ್ಪಟೆಯಲ್ಲ, ಮೂಗು ನೆಟ್ಟಗಿದೆ. ಅಂಗಡಿಯವನ ಮಾತಿನ ಮೇಲೆ ಅನುಮಾನ ಹುಟ್ಟಿದ್ದು ಹೀಗೆ. ಅನುಮಾನ ಹುಟ್ಟಿದ ಮೇಲೆ ನನಗೆ ರಾತ್ರಿ ನಿದ್ದೆ ಬರುವುದಿಲ್ಲ, ಓದುತ್ತೇನೆ.

ಉದ್ದ ಕೂದಲಿನ, ಒಳತುಪ್ಪಳವಿಲ್ಲದ, ನೀಳ ಮೈಯ ಬೆಕ್ಕೆಂದರೆ ಅಂಗೋರಾ. ಈ ಹೆಸರು ಕೇಳಿದರೆ ನಮ್ಮವರಿಗೆ ಮೊಲದ ಉಣ್ಣೆಯ ನೆನಪಾಗುತ್ತದೆ. ಅಂಗೋರಾ ಎನ್ನುವುದು ಇವತ್ತಿನ ತುರ್ಕಿಯ ರಾಜಧಾನಿ ಅಂಕಾರಾದ ಹಳೆಯ ಹೆಸರು. ಮೊಹೇರ್ ಎಂಬ ಉಣ್ಣೆ ಕೊಡುವ ಆಡು, ಮೊಲ, ಬೆಕ್ಕು ಮೂರಕ್ಕೂ ಅದೇ ಊರಿನ ಹೆಸರು ಅಂಟಿಕೊಂಡಿದೆ. ಈ ಬೆಕ್ಕನ್ನು ಯಾರೂ ಕೂಡಿಸಿ ಕಳೆದು ತಯಾರಿಸಿದ್ದಲ್ಲ. ನಮ್ಮ ಕಾಸರಗೋಡು ಗಿಡ್ಡ ಹಸುವನ್ನು ಯಾರೂ ಗಿಡ್ಡ ಮಾಡಲಿಲ್ಲವಲ್ಲ, ಹಾಗೆ. ಬೆಕ್ಕಿನ ಉದ್ದ ಕೂದಲಿಗೆ ಎಫ್‌ಜಿಎಫ್5 ಎಂಬ ವಂಶವಾಹಿಯಲ್ಲಾದ ಬದಲಾವಣೆ ಕಾರಣ ಎಂದು 2007ರಲ್ಲಿ ಗೊತ್ತಾಯಿತು. ಕೂದಲು ಬೆಳೆದದ್ದು ಸಾಕು ಎಂದು ಹೇಳುವ ಆಜ್ಞೆ ಅಲ್ಲಿ ಕೆಟ್ಟಿರುತ್ತದೆ. ತಾಯಿ ತಂದೆ ಇಬ್ಬರಿಂದಲೂ ಆ ಕೆಟ್ಟ ಪ್ರತಿ ಬಂದರೆ ಮಾತ್ರ ಮರಿಗೆ ಉದ್ದ ಕೂದಲು. ಒಂದೇ ಬಂದರೆ ಅದು ಎಷ್ಟೋ ತಲೆಮಾರು ಬಚ್ಚಿಟ್ಟುಕೊಂಡು ಹೋಗುತ್ತದೆ.

ಈ ಓದಿನ ನಡುವೆ ಸಿಕ್ಕಿದ ಮನುಷ್ಯನ ಬಗ್ಗೆ ಹೇಳದೆ ಇರಲಾರೆ. ಪಿಯೆತ್ರೊ ದೆಲ್ಲಾ ವಾಲ್ಲೆ, ರೋಮ್‌ನವನು. 1620ರಲ್ಲಿ ಪರ್ಶಿಯಾದ, ಎಂದರೆ ಇವತ್ತಿನ ಇರಾನಿನ, ಇಸ್ಫಹಾನ್‌ನಿಂದ ನೇಪಲ್ಸ್‌ನ ಗೆಳೆಯನಿಗೆ ಬರೆದ ಪತ್ರದಲ್ಲಿ ಅವನು ಅಲ್ಲಿನ ಖೊರಾಸಾನ್ ಪ್ರಾಂತ್ಯದ ಬೂದುಬಣ್ಣದ, ರೇಷ್ಮೆಗೂದಲಿನ ಬೆಕ್ಕುಗಳನ್ನು ಬಾಲದ ಸಮೇತ ಬಣ್ಣಿಸುತ್ತಾನೆ. ನಾಲ್ಕು ಜೋಡಿ ರೋಮ್‌ಗೆ ಒಯ್ಯುವ ಆಸೆ ಅವನಿಗೆ. ಮರುವರ್ಷ ಅವನ ಹೆಂಡತಿ, ಬಾಗ್ದಾದಿನ ಮಾನಿ, ಪರ್ಶಿಯಾದಲ್ಲೇ ತೀರಿಕೊಂಡಳು. ಅವಳ ದೇಹವನ್ನು ಕೆಡದಂತೆ ಮಾಡಿ ಪೆಟ್ಟಿಗೆಯಲ್ಲಿಟ್ಟುಕೊಂಡು ಅವನು 1623ರಲ್ಲಿ ಸೂರತ್ತಿಗೆ ಬಂದಿಳಿದ. ಆಮೇಲೆ ಗೋವೆ, ಇಕ್ಕೇರಿ, ಮಂಗಳೂರು. ಅದೇ ವರ್ಷದ ಕೊನೆಗೆ ಉಳ್ಳಾಲದ ರಾಣಿಯನ್ನು ಕಂಡ. ಬರಿಗಾಲಿನಲ್ಲಿ ನಿಂತು ಕಾಲುವೆ ಕೆಲಸ ಮಾಡಿಸುತ್ತಿದ್ದ ರಾಣಿ! ಅಲ್ಲಿಂದ ಸಮುದ್ರಮಾರ್ಗವಾಗಿ ಕಲ್ಲಿಕೋಟೆಗೆ ಹೋದ. ಎಂದರೆ, ಯುರೋಪಿಗೆ ಉದ್ದ ಕೂದಲಿನ ಬೆಕ್ಕಿನ ಸುದ್ದಿ ಮುಟ್ಟಿಸಿದವನು ನಮ್ಮ ಉಪ್ಪಳದ ಕಡಲಿನ ಎದುರಿನಿಂದಲೇ ದಾಟಿಹೋಗಿದ್ದಾನೆ. ಅಂಥ ಬೆಕ್ಕುಗಳನ್ನು ಪೋರ್ಚುಗೀಸರು ಪರ್ಶಿಯಾದಿಂದ ಹಿಂದೂಸ್ಥಾನಕ್ಕೆ ತಂದಿದ್ದರು ಎಂಬ ಮಾತೂ ಅವನ ಹೆಸರಿನಲ್ಲಿ ದಾಖಲಾಗಿದೆ. ನಮ್ಮ ಊರಿನ ಮೀನು ಮಾರ್ಕೆಟ್ಟಿನಲ್ಲಿ ಬಾಲ ತುಸು ಪೊದೆಯಾದ ಬೆಕ್ಕು ಕಂಡರೆ ಈಗ ನಿಂತು ನೋಡುತ್ತೇನೆ. ಇದು ನನ್ನ ಹುಚ್ಚು ಊಹೆ, ಯಾರೂ ಗಂಭೀರವಾಗಿ ತೆಗೆದುಕೊಳ್ಳಬೇಡಿ.

ಅಂಕಾರಾದ ಬೆಕ್ಕುಗಳನ್ನು ಫ್ರಾನ್ಸಿಗೆ ತರಿಸಿಕೊಂಡವರಲ್ಲಿ ಪ್ರೊವಾನ್ಸಿನ ವಿದ್ವಾಂಸ ಪೆಯ್ರೆಸ್ಕ್‌ನ ಹೆಸರು ಮೊದಲು ಬರುತ್ತದೆ. ನೂರು ವರ್ಷ ಕಳೆದ ಮೇಲೆ ಫ್ರಾನ್ಸಿನ ನಿಸರ್ಗಶಾಸ್ತ್ರಜ್ಞ ಬ್ಯುಫೋನ್, ಅಂಗೋರಾ ಬೆಕ್ಕೂ ದೆಲ್ಲಾ ವಾಲ್ಲೆ ಬಣ್ಣಿಸಿದ ಪರ್ಶಿಯಾದ ಬೆಕ್ಕೂ ಬಣ್ಣವೊಂದನ್ನು ಬಿಟ್ಟರೆ ಒಂದೇ ತರಹ ಎಂದು ಬರೆದ. ಗೊಂದಲದ ಬೀಜ ಅಲ್ಲೇ ಇತ್ತು. 1871ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್‌ನಲ್ಲಿ ಬೆಕ್ಕಿನ ಪ್ರದರ್ಶನ ನಡೆದ ಮೇಲೆ ದುಂಡು ಮುಖ, ಇನ್ನೂ ದಪ್ಪ ತುಪ್ಪಳ ಬೇಕೆಂದು ಎರಡನ್ನೂ ಬೆರೆಸುತ್ತಾ ಹೋದರು. ಪರ್ಶಿಯನ್ ಗೆದ್ದಿತು, ಅಂಗೋರಾ ಅದರೊಳಗೆ ಕರಗಿಹೋಯಿತು. ಹೆಚ್ಚು ಹಾಲಿನ ಆಸೆಗೆ ಊರಿನ ಗಿಡ್ಡಗಳಿಗೆಲ್ಲ ಜರ್ಸಿಯ ವೀರ್ಯ ಕೊಟ್ಟ ಕೈ ನನ್ನದು. ಆ ಬೆಕ್ಕಿನವರನ್ನು ಬೈಯಲು ನನಗೆ ಯಾವ ಅಧಿಕಾರವೂ ಇಲ್ಲ.

ಅಂಕಾರಾದ ಮೃಗಾಲಯದಲ್ಲಿ ಬಿಳಿ ಬೆಕ್ಕುಗಳನ್ನು ಬೇರೆಯಾಗಿ ಉಳಿಸಿಕೊಂಡಿದ್ದರು. 1962ರಲ್ಲಿ ಅಮೆರಿಕದ ಸೇನಾಧಿಕಾರಿಯೊಬ್ಬರ ಹೆಂಡತಿ ಲೀಸಾ ಗ್ರಾಂಟ್ ಅಲ್ಲಿಂದ ಒಂದು ಜೋಡಿಯನ್ನು ಊರಿಗೆ ಒಯ್ದರು. ಈ ತಳಿ ಹೊರಗಿನವರ ಕಣ್ಣಿಗೆ ಮತ್ತೆ ಬಿದ್ದದ್ದು ಆಗ. 2008ರಲ್ಲಿ ಪ್ರಕಟವಾದ ವಂಶವಾಹಿ ಪರೀಕ್ಷೆ ಇನ್ನೊಂದು ತಮಾಷೆ ಹೊರಗೆಡವಿತು. ಅಂಗೋರಾ ಪೂರ್ವ ಮೆಡಿಟರೇನಿಯನ್ ಕಡೆಯ ಬೆಕ್ಕುಗಳ ಗುಂಪಿನಲ್ಲೇ ನಿಂತಿತು. ಪರ್ಶಿಯನ್ ಮಾತ್ರ ಪಶ್ಚಿಮ ಯುರೋಪಿನ ಬೆಕ್ಕುಗಳ ಜೊತೆ ಸೇರಿಕೊಂಡಿತು. ಪರ್ಶಿಯಾದ ಹೆಸರು ಹೊತ್ತದ್ದಕ್ಕೆ ಪರ್ಶಿಯಾದ ನಂಟೇ ತೆಳು!

ಇನ್ನು ಕಿವಿಯ ವಿಷಯ. ನೀಲಿ ಕಣ್ಣಿನ ಅಚ್ಚ ಬಿಳಿ ಬೆಕ್ಕು ಸಾಮಾನ್ಯವಾಗಿ ಕಿವುಡು ಎಂದು ಡಾರ್ವಿನ್ನನೇ ಬರೆದಿದ್ದಾನೆ. ಮೈಯನ್ನು ಬಿಳಿ ಮಾಡುವ ವಂಶವಾಹಿ ಬಣ್ಣದ ಕೋಶಗಳನ್ನು ಒಳಕಿವಿಗೆ ತಲುಪಲು ಬಿಡದಿದ್ದರೆ, ಹುಟ್ಟಿದ ಕೆಲವೇ ವಾರಗಳಲ್ಲಿ ಆ ಕಿವಿ ಹಾಳಾಗುತ್ತದೆ. ಎರಡು ಬಣ್ಣದ ಕಣ್ಣಿದ್ದರೆ ಹೆಚ್ಚಾಗಿ ನೀಲಿಯ ಬದಿಯ ಕಿವಿ. ಬೊಳ್ಳು ನಿದ್ದೆಯಲ್ಲಿದ್ದಾಗ ಬೆನ್ನ ಹಿಂದೆ ಸ್ಟೀಲ್ ತಟ್ಟೆ ಬೀಳಿಸಿ ಪರೀಕ್ಷೆ ಮಾಡಿದೆ. ಬಲಗಿವಿ ಕೆಳಗಾಗಿ ಮಲಗಿದ್ದರೆ ಮಿಸುಕುವುದಿಲ್ಲ. ಎಡಗಿವಿ ಕೆಳಗಾಗಿದ್ದರೆ ಒಂದು ಮಾರು ಹಾರುತ್ತಾನೆ. ಇದನ್ನು ನೋಡಿ ನಮ್ಮ ಯಜಮಾನರು ನನಗೆ ತಲೆ ಕೆಟ್ಟಿದೆ ಎಂದು ತೀರ್ಮಾನಿಸಿದರು.

ಹಾಗಾದರೆ ಇವನು ಅಂಗೋರಾವೇ ಎಂದು ಮಗಳು ಫೋನಿನಲ್ಲಿ ಕೇಳಿದಳು. ಇಲ್ಲ ಮಗಳೇ, ಬಣ್ಣ ಕೂದಲು ನೋಡಿ ಹಸುವಿನ ವಂಶಾವಳಿ ಬರೆಯಲು ನನಗೆ ಇಲಾಖೆಯಲ್ಲಿ ಯಾರೂ ಕಲಿಸಿಲ್ಲ, ಬೆಕ್ಕಿನದ್ದೂ ಬರೆಯುವುದಿಲ್ಲ ಎಂದೆ. ಮೊನ್ನೆ ರೇಬೀಸ್ ಚುಚ್ಚುಮದ್ದು ಹಾಕಿಸಿದಾಗ ಕಾರ್ಡಿನಲ್ಲಿ ತಳಿಯ ಜಾಗ ಖಾಲಿ ಬಿಟ್ಟು, ಕೆಳಗೆ ನಾನೇ ಬರೆದೆ: ಬಿಳಿ, ಉದ್ದ ಕೂದಲು, ಎಡಗಿವಿ ಕೇಳಿಸುವುದಿಲ್ಲ, ಬಲಬದಿಯಿಂದ ಕರೆಯಿರಿ.