ಆರನೇ ಅಂಗಳದ ರಾಣಿ

ಮ್ಯೂನಿಕ್‌ನಲ್ಲಿ ರೈಲು ಹತ್ತಿ, ಮ್ಯೂಲ್‌ಡಾರ್ಫ್‌ನಲ್ಲಿ ಇಳಿದು ಚಿಕ್ಕ ರೈಲು ಹಿಡಿದರೆ ಕೊನೆಯ ನಿಲ್ದಾಣವೇ ಬುರ್ಗ್‌ಹೌಜನ್. ಇಳಿದ ಕೂಡಲೇ ಕೋಟೆ ಕಾಣುತ್ತದೆ ಅಂದುಕೊಂಡಿದ್ದೆ. ಕಂಡಿದ್ದು ಫ್ಲಾಟುಗಳು, ಅಂಗಡಿಗಳು. ಕೆಮಿಕಲ್ ಕಾರ್ಖಾನೆ ಬಂದ ಮೇಲೆ ಬೆಳೆದ ಹೊಸ ಊರು ಅದು. ಹಳೆ ಊರಿಗೆ ಇನ್ನೂ ನಡೀಬೇಕು.

ಕೋಟೆಯ ಉದ್ದ 1,051 ಮೀಟರ್. ಜಗತ್ತಿನಲ್ಲೇ ಅತಿ ಉದ್ದದ ಕೋಟೆ ಅಂತ ಗಿನ್ನೆಸ್ ದಾಖಲೆಯೂ ಇದೆ. ನನಗೆ ದಾಖಲೆಗಿಂತ ಬೇರೆ ಪ್ರಶ್ನೆ ಕಾಡುತ್ತಿತ್ತು: ಇಷ್ಟು ಉದ್ದ ಯಾಕೆ? ಉತ್ತರ ನಡೆಯುವಾಗ ಕಾಲಿಗೇ ಗೊತ್ತಾಗುತ್ತದೆ. ಕೋಟೆ ನಿಂತಿರುವುದು ಕಿರಿದಾದ ಗುಡ್ಡದ ನೆತ್ತಿಯ ಮೇಲೆ. ಒಂದು ಕಡೆ ಸಾಲ್ಜಾಖ್ ನದಿ, ಇನ್ನೊಂದು ಕಡೆ ಕೆರೆ. ಅಗಲ ಮಾಡೋಕೆ ಜಾಗವೇ ಇಲ್ಲ. ಬೆಳೆದರೆ ಉದ್ದಕ್ಕೇ ಬೆಳೀಬೇಕು. ಒಂದು ಅಂಗಳ, ಒಂದು ಬಾಗಿಲು, ಮತ್ತೊಂದು ಅಂಗಳ. ಹೀಗೆ ಆರು.

ಒಳಗೆ ಕಾಲಿಡೋಕೆ ಟಿಕೆಟ್ ಇಲ್ಲ. ಹೊರ ಅಂಗಳದ ಮನೆಗಳಲ್ಲಿ ಇವತ್ತಿಗೂ ಬಾಡಿಗೆಗೆ ಜನ ಇದ್ದಾರೆ. ಕಿಟಕಿಯಲ್ಲಿ ಪರದೆ, ಬಾಗಿಲ ಬಳಿ ಸೈಕಲ್. ಯಾರದೋ ಮನೆಯಂಗಳದಲ್ಲಿ ಹೇಳದೆ ಕೇಳದೆ ಓಡಾಡಿದ ಹಾಗೆ ಸ್ವಲ್ಪ ಸಂಕೋಚ ಆಯಿತು.

ಇಷ್ಟೆಲ್ಲ ಕಟ್ಟೋಕೆ ದುಡ್ಡು ಬಂದದ್ದು ಬಹುಪಾಲು ಉಪ್ಪಿನಿಂದ. ಹಾಲೈನ್ ಗಣಿಯ ಉಪ್ಪು ದೋಣಿಯಲ್ಲಿ ಸಾಲ್ಜಾಖ್ ಇಳಿದು ಇಲ್ಲಿಗೆ ಬರುತ್ತಿತ್ತು, ಇಲ್ಲೇ ಸುಂಕ. ಲಾಂಡ್ಸ್‌ಹೂಟ್ ಊರಿನಿಂದ ಜರ್ಮನಿಯ ಬವೇರಿಯಾದ ಈ ಭಾಗವನ್ನು ಆಳಿದ ಡ್ಯೂಕ್‌ಗಳು ಹೈನ್‌ರಿಖ್, ಲೂಡ್‌ವಿಗ್, ಗೆಯೋರ್ಗ್, ಅಜ್ಜ-ಮಗ-ಮೊಮ್ಮಗ ಮೂವರಿಗೂ ಒಂದೇ ಬಿರುದು, 'ಸಿರಿವಂತ'. ಖಜಾನೆ ಇದ್ದದ್ದು ಈ ಕೋಟೆಯಲ್ಲಿ. ಕೈದಿಗಳೂ ಇದ್ದರು. ಅವರಲ್ಲೊಬ್ಬ ಇಂಗೋಲ್‌ಸ್ಟಾಟ್‌ನ ಡ್ಯೂಕ್, ಗಡ್ಡದ ಲೂಡ್‌ವಿಗ್ (ಮೇಲಿನ ಮೂವರಲ್ಲಿದ್ದ ಲೂಡ್‌ವಿಗ್ ಅಲ್ಲ). ಅವನನ್ನು ಮೊದಲು ಹಿಡಿದದ್ದು ಸ್ವಂತ ಮಗ. ಆಮೇಲೆ ಹಣ ಕೊಟ್ಟು ಅವನನ್ನು ತನ್ನ ಕೈಗೆ ತೆಗೆದುಕೊಂಡವನು ಹೈನ್‌ರಿಖ್, ಅವನದೇ ದಾಯಾದಿ. ಮುದುಕ 1447ರಲ್ಲಿ ಇಲ್ಲೇ ತೀರಿಕೊಂಡ. ದಾಯಾದಿ ಜಗಳ ಎಲ್ಲ ಕಡೆ ಒಂದೇ, ಅಲ್ವಾ?

ಕೊನೆಯ ಅಂಗಳದಲ್ಲಿ ಮುಖ್ಯ ಕೋಟೆ. ನಾನು ಬಂದದ್ದೇ ಅಲ್ಲಿದ್ದ ಹೆಡ್ವಿಗ್‌ಗಾಗಿ. ಪೋಲೆಂಡಿನ ರಾಜ ನಾಲ್ಕನೇ ಕ್ಯಾಸಿಮಿರ್‌ನ ಮಗಳು. ಹದಿನೆಂಟರ ಹುಡುಗಿ ಕ್ರಾಕೋವ್‌ನಿಂದ ಸುಮಾರು ಎರಡು ತಿಂಗಳು ಪ್ರಯಾಣ ಮಾಡಿ, 1475ರಲ್ಲಿ ಲಾಂಡ್ಸ್‌ಹೂಟ್‌ನಲ್ಲಿ ಗೆಯೋರ್ಗ್‌ನನ್ನು ಮದುವೆಯಾದಳು. ಆ ಮದುವೆಯೂಟದ ಲೆಕ್ಕದಲ್ಲಿ 323 ಎತ್ತು, ಸುಮಾರು 40,000 ಕೋಳಿ ಇವೆ. ಲಾಂಡ್ಸ್‌ಹೂಟ್ ಜನ ನಾಲ್ಕು ವರ್ಷಕ್ಕೊಮ್ಮೆ ಈಗಲೂ ಆ ಮದುವೆಯನ್ನು ವೇಷ ಹಾಕಿ ಆಡುತ್ತಾರೆ.

ಮದುವೆ ಮುಗಿಯಿತು, ಗೆಯೋರ್ಗ್ ಲಾಂಡ್ಸ್‌ಹೂಟ್‌ನಲ್ಲಿ, ಹೆಡ್ವಿಗ್ ಇಲ್ಲಿ. ಗಂಡ ಅವಳನ್ನು ಇಲ್ಲಿಗೆ ಅಟ್ಟಿದ ಅಂತ ಕಥೆ ಹೇಳುವವರಿದ್ದಾರೆ. ನನಗದು ಪೂರ್ತಿ ಒಪ್ಪಿಗೆಯಿಲ್ಲ. ಈ ಮನೆತನದ ಹೆಂಗಸರು, ಮಕ್ಕಳು ಮೊದಲಿಂದಲೂ ಇಲ್ಲೇ ಇರುತ್ತಿದ್ದರು. ಹೊರ ಅಂಗಳದಲ್ಲಿ ಗೆಯೋರ್ಗ್ ಕಟ್ಟಿಸಿದ ಚಾಪೆಲ್ ಕೂಡ ಇದೆ, ಸಂತ ಹೆಡ್ವಿಗ್ ಹೆಸರಲ್ಲಿ. ಅಟ್ಟಿದವನು ಹಾಗೆ ಮಾಡುತ್ತಾನಾ? ಆದರೆ ತುರ್ಕರು ಬರುತ್ತಾರೆಂಬ ಭಯಕ್ಕೆ 1488ರಿಂದ ಅವನು ಗೋಡೆ, ಬುರುಜುಗಳನ್ನು ಜಾಸ್ತಿ ಮಾಡುತ್ತಾ ಹೋದಾಗ, ಒಳಗಿದ್ದವಳಿಗೆ ಹೇಗನ್ನಿಸಿರಬೇಕು? ಹೊನ್ನನ್ನೂ ಹೆಂಡತಿಯನ್ನೂ ಒಂದೇ ಬೀಗದ ಹಿಂದೆ ಇಟ್ಟ ಹಾಗೆ. ತುರ್ಕರು ಬರಲೇ ಇಲ್ಲ.

ಹೆಡ್ವಿಗ್‌ಗೆ ಐದು ಮಕ್ಕಳು. ಮೂವರು ಗಂಡುಮಕ್ಕಳೂ ಅಪ್ಪನಿಗಿಂತ ಮೊದಲೇ ಹೋದರು. ಅವಳು 1502ರಲ್ಲಿ ಇಲ್ಲೇ ತೀರಿಕೊಂಡಳು. ಮರುವರ್ಷ ಗೆಯೋರ್ಗ್ ಸತ್ತ. ರಾಜ್ಯವನ್ನು ಮಗಳು ಎಲಿಜಬೆತ್‌ಗೆ ಬರೆದಿಟ್ಟಿದ್ದ. ಮ್ಯೂನಿಕ್‌ನ ದಾಯಾದಿಗಳು ಬಿಡಲಿಲ್ಲ, ಯುದ್ಧ ಆಯಿತು. ಎಲಿಜಬೆತ್ ಯುದ್ಧದ ನಡುವೆಯೇ ಸತ್ತಳು.

ಹೆಂಗಸರಿದ್ದ ಭಾಗ ಈಗ ಊರಿನ ಮ್ಯೂಸಿಯಂ. ಕೋಟೆಯ ತುದಿಯಿಂದ ನೋಡಿದರೆ ನದಿಯಾಚೆ ಆಸ್ಟ್ರಿಯಾ. ಹೆಡ್ವಿಗ್ ನೋಡಿದಾಗ ಅದೂ ಬವೇರಿಯಾವೇ. 1779ರ ಒಪ್ಪಂದದಲ್ಲಿ ಆಚೆ ದಡ ಆಸ್ಟ್ರಿಯಾಕ್ಕೆ ಹೋಯಿತು.

ಒಂದು ತಮಾಷೆ ಏನೆಂದರೆ, ಕೋಟೆಯೊಳಗೆ ಎಷ್ಟು ಸುತ್ತಿದರೂ ಅದರ ಉದ್ದ ಒಂದೇ ನೋಟಕ್ಕೆ ಸಿಗುವುದಿಲ್ಲ. ಅದಕ್ಕೆ ಸೇತುವೆ ದಾಟಿ ಆಸ್ಟ್ರಿಯಾಕ್ಕೆ ಹೋದೆ, ಏದುಸಿರು ಬಿಡುತ್ತಾ ದಿಣ್ಣೆ ಹತ್ತಿ ತಿರುಗಿ ನೋಡಿದೆ. ಪೂರ್ತಿ ಕೋಟೆ ಎದುರಿಗಿತ್ತು. ನನ್ನ ಮೊಬೈಲಿನ ಒಂದು ಫೋಟೋದಲ್ಲಿ ಹಿಡಿಯಲಿಲ್ಲ. ಮೂರು ತೆಗೆದು ಅಂಟಿಸಬೇಕಾಯಿತು.